ಸಿಮಿಲರಕ್ಕನ ಹಠ

ಗುಂಡಿ, ದಾರ ಮಾರುವ ಅಂಗಡಿಯವಳನ್ನು ಬೀದಿಯವರೆಲ್ಲ ಸಿಮಿಲರಕ್ಕ ಎಂದೇ ಕರೆಯುವುದು. ಆ ಹೆಸರನ್ನು ಅವಳೇ ಸಂಪಾದಿಸಿಕೊಂಡಿದ್ದಳು. ಬಟ್ಟೆಯ ಚೂರು ಹಿಡಿದು ಬಂದು, ಇದರ ಸೇಮ್ ದಾರ ಕೊಡಿ ಎಂದವರನ್ನು ಹೊಸ್ತಿಲಿಗೆ ಕರೆದು, ಎರಡನ್ನೂ ಬಿಸಿಲಿಗೆ ಹಿಡಿದು, ಇದು ಸೇಮ್ ಅಲ್ಲ, ಸಿಮಿಲರ್, ಬೇಕಾದರೆ ತಗೊಳ್ಳಿ ಎನ್ನುವಳು. ಗಿರಾಕಿ ಮೂಗು ಮುರಿದರೂ ಸರಿ, ಎದ್ದು ಹೋದರೂ ಸರಿ. ಆ ಪದ ಕಲಿಸಿದ್ದು ಅಂಗಡಿಗೆ ಬರುತ್ತಿದ್ದ ಇಂಗ್ಲಿಷ್ ಮೇಡಂ. ಸೇಮ್ ಅಂದರೆ ಅದೇ. ಸಿಮಿಲರ್ ಅನ್ನಿಸಿಕೊಳ್ಳಲು ಎರಡಿರಬೇಕು, ಒಂದರ ಹಾಗೆ ಇನ್ನೊಂದು. ಕೇಳಿದಾಗ ಇವಳಿಗೆ ಎದೆಯ ಮೇಲಿನ ಭಾರ ಇಳಿದಂತಾಗಿತ್ತು.

ಯಾಕೆಂದರೆ ಇವಳು ಅವಳಿಗಳಲ್ಲಿ ಚಿಕ್ಕವಳು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಅಕ್ಕತಂಗಿ. ದೊಡ್ಡೋಳು ಮಾಡಿದ ಕೆಲಸದ ಹೊಗಳಿಕೆ ದೊಡ್ಡೋಳಿಗೆ, ಚಿಕ್ಕೋಳು ಮಾಡಿದ್ದರದ್ದೂ ದೊಡ್ಡೋಳಿಗೇ. ಬೈಗುಳ ಮಾತ್ರ ವಿಳಾಸ ತಪ್ಪದೆ ಚಿಕ್ಕೋಳಿಗೆ ತಲುಪುತ್ತಿತ್ತು.

ಕಳೆದ ವರ್ಷ ದೊಡ್ಡೋಳು ತೀರಿಕೊಂಡಳು. ಈಗ ಅಮ್ಮನಿಗೆ ಮರೆವು. ಒಂದು ದಿನ ದೊಡ್ಡೋಳ ಕೈತುತ್ತೇ ಬೇಕೆಂದು ಬಾಯಿ ಬಿಗಿದು ಮಲಗಿಬಿಟ್ಟಿದ್ದಳು. ದಿಕ್ಕು ತೋಚದೆ ಅಣ್ಣ ಅಂಗಡಿಗೇ ಬಂದ.

"ನೀವಿಬ್ರೂ ಸೇಮ್ ಟು ಸೇಮ್ ಅಲ್ವಾ? ನಾನೇ ದೊಡ್ಡೋಳು ಅಂತ ಹೇಳಿ ತಿನ್ಸು. ನಿನ್ನ ಗಂಟೇನು ಹೋಗುತ್ತೆ?"

"ಹೋಗೋದು ಗಂಟಲ್ಲ, ನಾನು. ಅವಳು ಸತ್ತಿದ್ದಾಳೆ, ನಾನು ಬದುಕಿದ್ದೀನಿ. ಅದೂ ಸೇಮಾ?"

ಹಾಗೆಂದರೂ ಸಂಜೆ ಅಂಗಡಿ ಮುಚ್ಚಿ ಹೋಗಿ, ತಟ್ಟೆ ಹಿಡಿದು ಅಮ್ಮನ ಮಂಚದ ಬಳಿ ಕೂತಳು. ದೊಡ್ಡೋಳಾ ಎಂದು ಅಮ್ಮ ಕೇಳಿದಳು. ಅಲ್ಲ, ಚಿಕ್ಕೋಳು ಎಂದಳು ಇವಳು. ಅಮ್ಮ ಗೋಡೆಗೆ ಮುಖ ತಿರುಗಿಸಿದಳು. ಹೂಂ ಅಂದುಬಿಡು ಎಂದು ಬಾಗಿಲಲ್ಲಿ ನಿಂತ ಅಣ್ಣ ಕಣ್ಣಲ್ಲೇ ಬೇಡಿಕೊಂಡ. ಒಂದು ಹೂಂ ಅಂದರೆ ಅಮ್ಮನ ಹೊಟ್ಟೆ ತುಂಬುತ್ತಿತ್ತು. ಆದರೆ ಹೆತ್ತವಳ ಬಾಯಲ್ಲೂ ತಾನಿಲ್ಲ ಎಂದಾದರೆ ಇನ್ನೆಲ್ಲಿರಬೇಕು? ಅನ್ನ ಆರಿತು. ಬಿಸಿ ಮಾಡಿ ತಂದಳು. ಅಮ್ಮ ಮತ್ತೆ ಅದನ್ನೇ ಕೇಳಿದಳು, ಇವಳು ಮತ್ತೆ ಅದನ್ನೇ ಹೇಳಿದಳು. ಇನ್ನೊಮ್ಮೆ ಕೇಳುವ ಹೊತ್ತಿಗೆ ಇವಳ ದನಿ ಏರಿತ್ತು, ಕಣ್ಣು ತುಂಬಿತ್ತು.

"ಚಿಕ್ಕೋಳಮ್ಮ. ನೀನು ಉಪವಾಸ ಬಿದ್ರೂ ನಾನು ಚಿಕ್ಕೋಳೇ."

ಅಮ್ಮ ನಿಧಾನವಾಗಿ ಹೊರಳಿ ಇವಳನ್ನು ದಿಟ್ಟಿಸಿದಳು.

"ದೊಡ್ಡೋಳಾಗಿದ್ರೆ ಇಷ್ಟೊತ್ತಿಗೆ ಹೂಂ ಅಂತಿದ್ಲು. ಈ ಮೊಂಡುತನ ನಿಂದೇ ಕಣೇ," ಎಂದು ಬಾಯಿ ತೆರೆದಳು.