ಊಸಿ ಮತ್ತು ಹಿತ್ತಿಲ ಬಾಗಿಲು

ತಂಗಿಗೆ ತೇನಿಯ ಆಸ್ಪತ್ರೆಯಲ್ಲಿ ಮೊದಲ ಮಗು ಹುಟ್ಟಿದ ಮರುದಿನ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ವಿಷಯ ಹೇಳಿದರು. ತಂಗಿಯ ರಕ್ತ ನೆಗೆಟಿವ್, ಮಗುವಿನದು ಪಾಸಿಟಿವ್. ಹೆರಿಗೆಯಲ್ಲಿ ಮಗುವಿನ ರಕ್ತ ಒಂದಿಷ್ಟು ತಾಯಿಯೊಳಗೆ ಸೇರಿರುತ್ತದೆ. ಅದು ಗಮನಕ್ಕೆ ಬಂದರೆ ತಾಯಿಯ ಬಿ ಕೋಶಗಳು ಟಿ ಕೋಶಗಳ ನೆರವಿನಿಂದ ಪ್ರತಿಕಾಯ ತಯಾರಿಸಿ, ಹಗೆಯನ್ನು ನೆನಪಿಟ್ಟುಕೊಂಡು, ಮುಂದಿನ ಮಗುವಿನ ಮೇಲೆ ಎರಗಬಹುದು. ಮೂರು ದಿನದೊಳಗೆ ಹೊರಗಿನ ಸಿದ್ಧ ಪ್ರತಿಕಾಯದ ಊಸಿ, ಅಂದರೆ ಇಂಜೆಕ್ಷನ್, ಚುಚ್ಚಿದರೆ ಆ ಕೋಶಗಳು ಏಳುವುದಿಲ್ಲ. ಹೇಗೆ ತಡೆಯುತ್ತದೆಂಬುದು ಪೂರ್ತಿ ಗೊತ್ತಿಲ್ಲ, ತಡೆಯುವುದು ಗೊತ್ತು ಎಂದೂ ಸೇರಿಸಿದರು. ಪತ್ರಿಕೆಯಲ್ಲಿ ದುಡಿಯುವ ನನಗೆ ಅಂಥ ಹೇಳಿಕೆಯ ಮೇಲೆ ಗೌರವ.

ತಂಗಿಯ ಅತ್ತೆಗೆ ಅಂಥ ಗೌರವ ಮೂಡಲಿಲ್ಲ. ಓಡೈಪಟ್ಟಿಯ ದ್ರಾಕ್ಷಿ ತೋಟದ ಯಜಮಾನಿ ಆಕೆ. ಡಾಕ್ಟರಮ್ಮನ ಎದುರೇ ತಮಿಳು ಬಿಟ್ಟು ಕನ್ನಡಕ್ಕೆ ಹೊರಳಿದರು. ಮುಚ್ಚಿಡುವ ಮಾತಿದ್ದರೆ ತಮಿಳುನಾಡಿನಲ್ಲೇ ನೆಲೆಸಿದ ಕನ್ನಡದ ನಮ್ಮವರು ಮಾಡುವುದೇ ಹಾಗೆ. ಅಂಗಡಿಯಲ್ಲಿ ಬೆಲೆ ಕೇಳುವುದು ತಮಿಳಿನಲ್ಲಿ, ಕೊಳ್ಳಬೇಕೋ ಬೇಡವೋ ತೀರ್ಮಾನಿಸುವುದು ಕನ್ನಡದಲ್ಲಿ.

"ಊಸಿ ಬೇಡ ತಂಬಿ. ಮೊಮ್ಮಗನ ರಕ್ತ ಸೊಸೆಗೆ ಆಗೋದಿಲ್ಲ ಅಂದ್ರೆ ನಮ್ಮ ರಕ್ತವೇ ಕೆಟ್ಟದ್ದು ಅಂತ ಊರೆಲ್ಲ ಆಡಿಕೊಳ್ಳುತ್ತೆ."

"ಕೆಟ್ಟದ್ದಲ್ಲ ಅತ್ತೆ. ಚಿಕ್ಕಮಾಮ ಬೋಡಿಮೆಟ್ಟಿನಿಂದ ಬಂದಾಗ ನೀವೇನ್ ಮಾಡ್ತೀರಿ?"

ಚಿಕ್ಕಮಾಮ ಆಕೆಯ ಮೈದುನ, ಏಲಕ್ಕಿ ಬೆಳೆಯುವ ಬೆಟ್ಟದ ಮೇಲಿನ ಊರಿನಲ್ಲಿರುವವರು. ಬೇಲಿಯ ಜಗಳವಾದ ಮೇಲೆ ಅಣ್ಣನ ಕಣ್ಣಿಗೆ ಬೀಳುವಂತಿಲ್ಲ. ಬಿದ್ದರೆ ಹಳೆಯದೆಲ್ಲ ಮೊದಲಿನಿಂದ ಶುರು.

"ಹಿತ್ತಿಲಲ್ಲೇ ಹಿಡಿದು ಊಟ ಹಾಕಿ, ತಂದ ಏಲಕ್ಕಿ ಇಸ್ಕೊಂಡು, ಇವರು ನೋಡೋ ಮುಂಚೆ ಕಳಿಸ್ತೀನಿ."

"ಊಸಿನೂ ಅದನ್ನೇ ಮಾಡೋದು."

ಅತ್ತೆ ಯೋಚಿಸಿದರು. "ಅಂದ್ರೆ ಊಸಿ ಅನ್ನೋದು ನಾನೇ?"

"ನೀವೇ."

"ಹಂಗಾದ್ರೆ ಹಾಕ್ಲಿ."

ಡಾಕ್ಟರಮ್ಮನಿಗೆ ಒಂದಕ್ಷರವೂ ತಿಳಿಯಲಿಲ್ಲ. ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದ ಅತ್ತೆಯ ಗಂಡನಿಗೆ, ಅಂದರೆ ಮಾಮನಿಗೆ, ಎಲ್ಲವೂ ತಿಳಿಯಿತು. ಅವರದೂ ಕನ್ನಡವೇ ಎಂಬುದನ್ನು ಇಬ್ಬರೂ ಮರೆತಿದ್ದೆವು.

"ಏಲಕ್ಕಿ ಸಂತೆಯದ್ದು ಅಂದಿದ್ಯಲ್ಲ," ಎಂದರು ಮಾಮ.

ಅತ್ತೆ ಮಡಚಿಟ್ಟಿದ್ದ ಮಗುವಿನ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚತೊಡಗಿದರು. ಈ ಸಿಟ್ಟಿನಲ್ಲಿ ಮಾಮ ಊಸಿಯೇ ಬೇಡ ಎಂದುಬಿಟ್ಟರೆ ಎಂದು ನನಗೆ ದಿಗಿಲು. ತಂಗಿಯತ್ತ ನೋಡಿದರೆ ಅವಳು ದಿಂಬಿಗೆ ಮುಖ ಒತ್ತಿ ನಗುತ್ತಿದ್ದಳು.

ಮಾಮ ಡಾಕ್ಟರಮ್ಮನಿಗೆ ತಮಿಳಿನಲ್ಲಿ, "ಹಾಕಿಬಿಡಿ ಅಮ್ಮಾ," ಎಂದರು. ಆಮೇಲೆ ನನ್ನತ್ತ ತಿರುಗಿ ಕನ್ನಡದಲ್ಲಿ, "ತಂಬಿ, ನಿನ್ನ ಕೆಲಸ ಬೀಗಕ್ಕೆ ಹೆಸರಾದ ದಿಂಡಿಗಲ್‌ನಲ್ಲೇ ಅಲ್ವಾ? ಬರೋವಾಗ ಒಂದು ಗಟ್ಟಿ ಬೀಗ ತಾ. ಹಿತ್ತಿಲ ಬಾಗಿಲಿಗೆ."

ಅಂದು ಸಂಜೆಯೇ ಊಸಿ ಹಾಕಿದರು. ಬೀಗವನ್ನೂ ತಂದುಕೊಟ್ಟೆ.

ತಂಗಿ ಮತ್ತೆ ಬಸುರಿಯಾದಾಗ ರಕ್ತ ಪರೀಕ್ಷೆಯಲ್ಲಿ ಆ ಹಗೆಯ ಪ್ರತಿಕಾಯ ಕಾಣಲಿಲ್ಲ. ಆದರೂ ಏಳನೇ ತಿಂಗಳಲ್ಲಿ ಇನ್ನೊಂದು ಊಸಿ ಬೇಕೆಂದು ಡಾಕ್ಟರಮ್ಮ ಹೇಳುವ ಮೊದಲೇ ಅತ್ತೆ ಒಪ್ಪಿಯಾಗಿತ್ತು. "ಹೋದ ಸಲದ್ದು ಎಷ್ಟು ದಿನ ಅಂತ ಕಾವಲು ಕೂತೀತು?" ಎಂದು ನಮಗೇ ತಿಳಿಹೇಳಿದರು.

ಹೆಣ್ಣುಮಗು ಆರೋಗ್ಯವಾಗಿ ಹುಟ್ಟಿತು. ತೊಟ್ಟಿಲಿಗೆ ಹಾಕಿದ ದಿನದ ಪಾಯಸದಲ್ಲಿ ಏಲಕ್ಕಿ ಧಾರಾಳವಾಗಿತ್ತು. ಎಲ್ಲಿಯದೆಂದು ಕೇಳದೆ ಮಾಮ ಎರಡನೇ ಲೋಟ ಹಾಕಿಸಿಕೊಂಡರು. ಹಿತ್ತಿಲ ಬಾಗಿಲಲ್ಲಿ ದಿಂಡಿಗಲ್ ಬೀಗ ತೂಗುತ್ತಿತ್ತು. ಅದರ ಕೀ ಅತ್ತೆಯ ಸೊಂಟದಲ್ಲಿತ್ತು.