ಕನ್ನಡದಲ್ಲಿ ಬಚ್ಚಿಟ್ಟದ್ದು

ಕೋಠಿ ಬಜಾರಿನ ಬಟ್ಟೆಯಂಗಡಿಯಲ್ಲಿ ಸೀರೆಯ ಬೆಲೆ ಕಿವಿಗೆ ಬಿದ್ದ ಕ್ಷಣವೇ ನಮ್ಮಮ್ಮ ತೆಲುಗಿನಿಂದ ಕನ್ನಡಕ್ಕೆ ಇಳಿಯುತ್ತಾಳೆ. ಅಲ್ಲಿಯವರೆಗೆ ಅಂಗಡಿಯವನ ಜೊತೆ ನಗುನಗುತ್ತ ಮಾತಾಡುತ್ತಿದ್ದವಳು, ಆ ನಗುವನ್ನು ಮುಖದ ಮೇಲೆ ಹಾಗೇ ಇಟ್ಟುಕೊಂಡು ನನ್ನ ಕಡೆ ತಿರುಗಿ, "ಅರ್ಧಕ್ಕೆ ಕೇಳ್ತೀನಿ, ನೀನು ಹೊರಡೋಳ ಹಾಗೆ ಎದ್ದು ನಿಲ್ಲು" ಎನ್ನುತ್ತಾಳೆ. ನಾನು ವಿಧೇಯಳಾಗಿ ಎದ್ದು ನಿಲ್ಲುತ್ತೇನೆ. ಅಂಗಡಿಯವನಿಗೆ ಕನ್ನಡ ಬಾರದೆಂಬುದು ನಮ್ಮ ನಂಬಿಕೆ. ಅರ್ಧ ಬೆಲೆಯ ಆಸೆ ಎಲ್ಲ ಭಾಷೆಗಳಲ್ಲೂ ಒಂದೇ ಮುಖ ಮಾಡುತ್ತದೆಂಬುದು ಅವನ ಅನುಭವ. ಹೇಗೂ ಇರಲಿ, ಹೈದರಾಬಾದಿನಲ್ಲಿ ಕನ್ನಡ ನಮಗೆ ಮಾತಾಡುವ ಭಾಷೆ ಎಷ್ಟೋ, ಮಾತನ್ನು ಮುಚ್ಚಿಡುವ ಭಾಷೆಯೂ ಅಷ್ಟೇ.

ಇಂಥ ಭಾಷೆಯಲ್ಲಿ ಮಕ್ಕಳಿಗೆ ಬರವಣಿಗೆ ಕಲಿಸಲು ಹೊರಟವಳು ನಾನು. ಎಲ್ಲೋ ಎರಡು ಪ್ರಬಂಧ ಅಚ್ಚಾದದ್ದೇ ನನ್ನ ಅರ್ಹತೆ. ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು, ರಾಯಚೂರಿನ ಕಡೆಯವರು, "ಹುಡುಗರಿಗೆ ಸೃಜನಶೀಲತಾ ಕಲಿಸಿಬಿಡ್ರಿ ಮೇಡಂ, ಯುಗಾದಿ ಒಳಗ ಮುಗೀಬೇಕು ನೋಡ್ರಿ" ಎಂದರು, ಗೋಡೆಗೆ ಸುಣ್ಣ ಹೊಡೆಸುವ ಧಾಟಿಯಲ್ಲಿ. ಒಲ್ಲೆ ಎನ್ನಲು ಬೇಕಾದಷ್ಟು ಮಾತೂ ನನ್ನಲ್ಲಿಲ್ಲದ್ದರಿಂದ ಒಪ್ಪಿಕೊಂಡೆ.

ಭಾನುವಾರ ಬೆಳಿಗ್ಗೆ ಬೇಗಂಪೇಟೆಯಲ್ಲಿರುವ ಸಂಘದ ಸಭಾಂಗಣದಲ್ಲಿ ಎಂಟು-ಒಂಬತ್ತನೆಯ ತರಗತಿಯ ಕೆಲವು ಮಕ್ಕಳು ಸೇರುತ್ತಿದ್ದರು. "ನಿಮಗೆ ನಿಜವಾಗಿ ಗೊತ್ತಿರುವುದನ್ನು ಬರೆಯಿರಿ, ಎದುರಿಗೆ ಒಬ್ಬರು ಕೂತಿದ್ದಾರೆ, ಅವರಿಗೆ ಇದನ್ನು ಹೇಳಲೇಬೇಕು ಎಂದುಕೊಂಡು ಬರೆಯಿರಿ" ಎಂದು ನಾನು ಗಂಭೀರವಾಗಿ ಉಪದೇಶಿಸುತ್ತಿದ್ದೆ. ಮನಸ್ಸಿನಲ್ಲಿರುವುದನ್ನು ಮನೆಯವರಿಗೂ ಹೇಳದೆ ಇಪ್ಪತ್ತಾರು ವರ್ಷ ನಿಭಾಯಿಸಿದವಳು ಈ ಉಪದೇಶವನ್ನು ಎಲ್ಲಿಂದ ತಂದೆನೋ, ನನಗೇ ತಿಳಿಯದು.

ಮಕ್ಕಳಲ್ಲಿ ಶ್ರೀನಿಧಿ ಎಂಬ ಒಂಬತ್ತನೆಯ ತರಗತಿಯ ಹುಡುಗಿ ಮಾತ್ರ ನಾನು ಹೇಳಿದ್ದನ್ನು ನಿಜವೆಂದೇ ನಂಬಿದಳು. ರಕ್ಷಣಾ ಕಾರ್ಖಾನೆಯ ಕ್ವಾರ್ಟರ್ಸಿನವಳು; ಮನೆಯಲ್ಲಿ ಧಾರವಾಡದ ಕನ್ನಡ, ಶಾಲೆಯಲ್ಲಿ ತೆಲುಗು. ತನ್ನ ಶಾಲೆಯ ಗೆಳತಿ ಮೌನಿಕಾಳ ಬಗ್ಗೆ ಒಂದೂವರೆ ಪುಟ ಬರೆದು ತಂದಿದ್ದಳು. ಮೌನಿಕಾಳ ತಂದೆಗೆ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿ, ಪರೀಕ್ಷೆ ಮುಗಿದ ಕೂಡಲೇ ಆ ಮನೆಯವರು ನಗರದಾಚೆಯ ಶಂಶಾಬಾದಿಗೆ ಹೋಗುವವರಿದ್ದರು. "ದಿನಾ ವಿಮಾನ ನೋಡಬಹುದು, ಮಜಾ ಅಂತ ನಾ ಅಂದೆ. ಅದು ಸುಳ್ಳು. ಬೆಂಚಿನ ಮ್ಯಾಲ ಆಕಿ ಕೂಡೋ ಕಡೆ ನನ್ನ ಚೀಲ ಇಡಾಕಿ ಅದೀನಿ, ಯಾರೂ ಕೂಡಬಾರದು" ಎಂದು ಬರೆದಿದ್ದಳು. ಓದಿ, ನಾನು ಕೆಂಪು ಪೆನ್ನಿನ ಮುಚ್ಚಳ ಹಾಕಿದೆ. ತಿದ್ದಲು ಏನಿತ್ತು?

"ಯುಗಾದಿಯ ದಿನ ಸಂಘದ ವೇದಿಕೆಯಲ್ಲಿ ಇದನ್ನೇ ಓದು" ಎಂದೆ.

"ಬ್ಯಾಡ್ರಿ ಅಕ್ಕಾ."

"ಯಾಕೆ? ಮೌನಿಕಾಗೆ ಗೊತ್ತಾಗಲಿ ಅಂತ ತಾನೇ ಬರೆದದ್ದು?"

"ಅಯ್ಯ, ಗೊತ್ತಾಗಬಾರದಂತನ ಕನ್ನಡದಾಗ ಬರದೀನ್ರಿ!" ಎಂದಳು, ಇಷ್ಟೂ ತಿಳಿಯದೇ ಎಂಬಂತೆ. "ಆಕಿ ಮುಂದ ಅತ್ರ ನಗತಾಳ. ಭಾಳ ಡ್ರಾಮಾ ಮಾಡ್ತಿ ಅಂತಾಳ."

ಬರವಣಿಗೆ ಎಂದರೆ ಇನ್ನೊಬ್ಬರನ್ನು ಮುಟ್ಟುವುದು ಎಂದು ವಾರಗಟ್ಟಲೆ ಹೇಳಿದವಳು ನಾನು. ಮುಟ್ಟಬಾರದವರನ್ನು ಬಿಟ್ಟು ಮಿಕ್ಕವರನ್ನು ಮುಟ್ಟುವ ವಿದ್ಯೆಯನ್ನು ಅವಳು ತಾನಾಗಿಯೇ ಕಂಡುಕೊಂಡಿದ್ದಳು. ಗೆಳತಿ ಏನೂ ತಿಳಿಯದೆ ಹೊರಟುಹೋಗುತ್ತಾಳಲ್ಲ ಎಂದು ನನಗೆ ಸಂಕಟವಾಯಿತು. ಆದರೆ ಒಬ್ಬರ ಗುಟ್ಟನ್ನು ಚೆನ್ನಾಗಿ ಬರೆದಿದ್ದಾರೆಂಬ ಕಾರಣಕ್ಕೆ ಹೊರಗೆಳೆಯುವುದು ಕಲಿಸುವುದೋ ಕದಿಯುವುದೋ? ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತ ನನ್ನ ನಿಲ್ದಾಣವನ್ನು ದಾಟಿ ಹೋಗಿದ್ದೆ. ಮುಂದಿನ ವಾರ, "ನಿನ್ನಿಷ್ಟ" ಎಂದಷ್ಟೇ ಹೇಳಿದೆ. ಗೊಂದಲದಲ್ಲಿರುವ ಗುರುಗಳಿಗೆ ಇಷ್ಟು ಉದಾರವಾಗಿ ಕೇಳಿಸುವ ಮಾತು ಇನ್ನೊಂದಿಲ್ಲ.

ಯುಗಾದಿಯ ಬೆಳಿಗ್ಗೆ ಶ್ರೀನಿಧಿ ಬಂದಳು. ಜೊತೆಗೆ ಮೌನಿಕಾಳೂ ಬಂದಿದ್ದಳು, ಹೋಳಿಗೆಯ ಆಸೆಗೆ. ಇನ್ನು ಓದುವ ಮಾತಿಲ್ಲ ಎಂದುಕೊಳ್ಳುತ್ತಿದ್ದೆ, ಶ್ರೀನಿಧಿ ನನ್ನ ಬಳಿ ಬಂದು, "ಓದ್ತೀನ್ರಿ ಅಕ್ಕಾ" ಎಂದಳು.

"ಅವಳ ಮುಂದೆ?"

"ಆಕಿ ಮುಂದನ. ಆಕಿಗೇನ್ ತಿಳೀತೈತ್ರಿ?"

ಹೇಳಬೇಕು, ಕೇಳಿಸಬೇಕು, ತಿಳಿಯಬಾರದು. ಇಂಥದೊಂದು ಆಸೆ ಇರಬಹುದೆಂದು ನಾನು ಊಹಿಸಿರಲಿಲ್ಲ. ಅಥವಾ ಊಹಿಸಬೇಕಾದ ಅಗತ್ಯವೇ ಇರಲಿಲ್ಲವೇನೋ, ಅದು ನನ್ನೊಳಗೂ ಇತ್ತಲ್ಲ.

ಅವಳು ವೇದಿಕೆ ಹತ್ತಿ ಓದತೊಡಗಿದಳು. ನನ್ನ ಪಕ್ಕದ ಕುರ್ಚಿಯಲ್ಲಿ ಮೌನಿಕಾ ಮೊದಲು ತನ್ನ ಹೆಸರು ಬಂದಾಗ ನಕ್ಕಳು. ಎರಡನೆಯ ಸಲ ನಗಲಿಲ್ಲ. ಬೆಂಚು, ಶಂಶಾಬಾದ್, ವಿಮಾನ, ಮತ್ತೆ ತನ್ನ ಹೆಸರು. ಅರಿಯದ ಮಾತಿನ ಪ್ರವಾಹದಲ್ಲಿ ಕಾಲಿಗೆ ಸಿಕ್ಕ ಕಲ್ಲುಗಳಷ್ಟನ್ನೇ ಮೆಟ್ಟುತ್ತ ಅವಳು ಅರ್ಧ ಹೊಳೆ ದಾಟಿಬಿಟ್ಟಿದ್ದಳು. ಹಿಂದೆ ಯಾರದೋ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನೂ ಕಂಡಳು. ನನ್ನ ತೋಳು ಹಿಡಿದು ತೆಲುಗಿನಲ್ಲಿ ಕೇಳಿದಳು: "ಅಕ್ಕಾ, ನಾ ಗುರಿಂಚಿ ಏಂ ಚೆಪ್ತುಂದಿ?" ನನ್ನ ಬಗ್ಗೆ ಏನು ಹೇಳುತ್ತಿದ್ದಾಳೆ?

ನನಗೆ ತೆಲುಗು ಚೆನ್ನಾಗಿ ಬರುತ್ತದೆ. ಒಂದೇ ವಾಕ್ಯ ಸಾಕಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು. ಓದಿ ಮುಗಿಸಿ ವೇದಿಕೆಯ ಮೆಟ್ಟಿಲಿಳಿಯುತ್ತಿದ್ದ ಶ್ರೀನಿಧಿ ಗೆಳತಿಯನ್ನು ನೋಡಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು. "ಅವಳನ್ನೇ ಕೇಳು" ಎಂದುಬಿಟ್ಟೆ.

ಮೌನಿಕಾ ಎದ್ದುಹೋಗಿ ಕಾಗದಕ್ಕೆ ಕೈ ಚಾಚಿದಳು. ಶ್ರೀನಿಧಿ ಅದನ್ನು ಬೆನ್ನ ಹಿಂದೆ ಹಿಡಿದಳು, ಆಮೇಲೆ ಕೊಟ್ಟಳು. ನಮ್ಮ ಲಿಪಿಗೂ ತೆಲುಗಿಗೂ ಎಷ್ಟು ಹೋಲಿಕೆ ನೋಡಿ, ಮೌನಿಕಾ ತಡವರಿಸುತ್ತ ತನ್ನ ಹೆಸರನ್ನು ಹುಡುಕಿ ಅದರ ಮೇಲೆ ಬೆರಳಿಟ್ಟಳು. ಬೆರಳು ಮುಂದಿನ ಪದಕ್ಕೆ ಸರಿಯಿತು, "ಇದಿ?" ಎಂದಳು. ಶ್ರೀನಿಧಿ ಮೆಲ್ಲಗೆ ತೆಲುಗಿನಲ್ಲಿ ಏನೋ ಹೇಳಿದಳು. ಬೆರಳು ಮತ್ತೆ ಸರಿಯಿತು.

ಆ ಒಂದೂವರೆ ಪುಟದಲ್ಲಿ ಪದಗಳು ಬಹಳ ಇದ್ದವು. ಹೋಳಿಗೆ ಆರುತ್ತದೆಂದು ಕಾರ್ಯದರ್ಶಿಗಳು ಎಲ್ಲರನ್ನೂ ಕೂಗುತ್ತಿದ್ದರು. ಹುಡುಗಿಯರಿಬ್ಬರನ್ನು ಮಾತ್ರ ಕರೆಯಬೇಡಿರೆಂದು ನಾನು ಅವರಿಗೆ ಕೈಸನ್ನೆ ಮಾಡಿದೆ.