ಗೌರಿಯ ಏಳು ಗಂಟೆಯ ಮಾತ್ರೆ

ಮೂಕಜೀವವೊಂದರ ಮುಂದೆ ನನ್ನ ಅರಿವು ಎಷ್ಟು ಕಿರಿದೆಂದು ತೋರಿಸಿಕೊಟ್ಟ ಶಿವನಿಗೆ ಮೊದಲ ಶರಣು.

ನಮ್ಮ ಮನೆಯಲ್ಲಿ ಲಿಂಗಪೂಜೆ ಮುಗಿಯದೆ ಯಾರೂ ಬಾಯಿಗೆ ತುತ್ತಿಡುವುದಿಲ್ಲ. ಅಜ್ಜನ ಕಾಲದ ಈ ನೇಮವನ್ನು ನಾನು ಬೆಕ್ಕಿಗೂ ವಿಸ್ತರಿಸಿದ್ದೆನೆಂದು ಈ ಇಳಿವಯಸ್ಸಿನಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಗೌರಿ ನಮ್ಮ ಬೂದು ಬೆಕ್ಕು. ಮೈ ಇಳಿದು ಒಸಡು ಬಿಳಿಚಿಕೊಂಡಾಗ ಬುಟ್ಟಿಯಲ್ಲಿಟ್ಟು ನ್ಯಾಮತಿಯಿಂದ ಹೊನ್ನಾಳಿಗೆ ಬಸ್ಸಿನಲ್ಲಿ ಒಯ್ದೆ. ದನದ ಆಸ್ಪತ್ರೆಯ ಸಾಲಿನಲ್ಲಿ ಎಮ್ಮೆ ಹಿಡಿದು ನಿಂತವರೊಬ್ಬರು, "ಹಾಲು ಎಷ್ಟು ಕೊಡ್ತೈತ್ರೀ ಅಜ್ಜಾರೆ?" ಎಂದರು. "ಇದಕ್ಕೆ ಕುಡಿಯಾದಷ್ಟೇ ಗೊತ್ತೈತ್ರಿ" ಎಂದೆ. ಸಾಲೆಲ್ಲ ನಕ್ಕಿತು.

ರಕ್ತಪರೀಕ್ಷೆಯ ಬಳಿಕ ಡಾಕ್ಟರಮ್ಮ ನಗಲಿಲ್ಲ. ಬೆಕ್ಕುಗಳಿಗೆ ರಕ್ತದ ಕ್ಯಾನ್ಸರ್ ತರುವ ವೈರಸ್ ಅದರ ಮೈ ಹೊಕ್ಕಿತ್ತು. "ಇದು ಪೂರ್ತಿ ಹೋಗಲ್ಲ ಅಜ್ಜಾರೆ. ಮಾತ್ರೆ ವೈರಸ್ಸನ್ನ ಹಿಡಿದಿಟ್ರೆ ಒಂದಷ್ಟು ದಿನ ಸಿಗಬೋದು. ಬೆಳಿಗ್ಗೆ ಏಳು, ಸಂಜೆ ಏಳು. ಹೊತ್ತು ತಪ್ಪಿಸಬ್ಯಾಡ್ರಿ."

ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವ ತಾಯಿಬೆಕ್ಕಿನಂತೆ ಭಗವಂತನು ಭಕ್ತನನ್ನು ಹೊರುತ್ತಾನೆಂಬ ಮಾರ್ಜಾಲ ನ್ಯಾಯವನ್ನು ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಬೆಕ್ಕನ್ನೇ ಹೊರುವ ಸರದಿ ಬಂದಾಗ ಮಾತ್ರ ಗಡಿಯಾರ ನೋಡಲಿಲ್ಲ. ಮೊಸರನ್ನದಲ್ಲಿ ಹುದುಗಿಸಿ ನನ್ನ ಕೈಯಾರೆ ಉಣಿಸದೆ ಗೌರಿ ಮಾತ್ರೆ ನುಂಗುತ್ತಿರಲಿಲ್ಲ. ಸಂಜೆಯದು ಸರಿಹೋಗುತ್ತಿತ್ತು; ಬೆಳಗಿನದು ಪೂಜೆ ಮುಗಿದು ಎಂಟೂವರೆಗೆ, ಸೋಮವಾರವಾದರೆ ಅಭಿಷೇಕ ಮುಗಿದು ಹತ್ತಕ್ಕೆ. ಅಷ್ಟು ಹೊತ್ತೂ ಗೌರಿ ದೇವರಕೋಣೆಯ ಹೊಸ್ತಿಲಾಚೆ ಕುಳಿತಿರುತ್ತಿತ್ತು.

ಹನ್ನೆರಡನೆಯ ದಿನ ನನ್ನಾಕೆ ರೇಗಿದಳು: "ಏನ್ರೀ, ಬೆಕ್ಕಿಗೂ ಲಿಂಗಧಾರಣೆ ಮಾಡ್ಸೀರೇನು? ತಡ ಆದ್ರೆ ಶಿವ ಸುಮ್ನಿರ್ತಾನೆ. ರೋಗ ಸುಮ್ನಿರ್ತೈತಾ?"

ಮರುದಿನದಿಂದ ಮೊದಲು ಮಾತ್ರೆ, ಆಮೇಲೆ ವಿಭೂತಿ. ಒಂದು ತಿಂಗಳು ಗೌರಿ ಚೆನ್ನಾಗಿಯೇ ಉಂಡಿತು. ಒಮ್ಮೆ ಕಿಟಕಿಯನ್ನೂ ಹತ್ತಿತು. ಬಳಿಕ ಒಂದು ಬೆಳಿಗ್ಗೆ, ಮಾತ್ರೆ ಹುದುಗಿಸಿದ ಮೊಸರನ್ನವನ್ನು ಮೂಸಿ, ನನ್ನ ಬೆರಳನ್ನಷ್ಟೇ ನೆಕ್ಕಿ ಮುಖ ತಿರುಗಿಸಿತು. ಸಂಜೆಯ ಮಾತ್ರೆಯ ಹೊತ್ತಿಗೆ ಅದರ ಉಸಿರು ಇರಲಿಲ್ಲ.

"ಹನ್ನೆರಡು ದಿನ ಬೆಳಗಿನ ಮಾತ್ರೆ ತಡ ಮಾಡಿದ್ದಕ್ಕೇ ಹೋಯ್ತೇನಮ್ಮಾ?" ಎಂದು ಡಾಕ್ಟರಮ್ಮನನ್ನು ಫೋನಿನಲ್ಲಿ ಕೇಳಿದೆ.

"ಹೌದು ಅನ್ನಾಕೂ ಆಗಲ್ಲ, ಅಲ್ಲ ಅನ್ನಾಕೂ ಆಗಲ್ಲ ಅಜ್ಜಾರೆ."

ಸುಳ್ಳು ಹೇಳಿ ಸಂತೈಸದ ಆಕೆಗೆ ನಾನು ಋಣಿ.

ಈಗಲೂ ಏಳಕ್ಕೆ ಮೊಸರನ್ನ ಕಲಸುತ್ತೇನೆ. ಓಣಿಯ ಯಾವುದೋ ಬೆಕ್ಕು ಉಂಡು ಹೋದ ಮೇಲೆಯೇ ಪೂಜೆಗೆ ಕೂರುತ್ತೇನೆ; ಶಿವನು ಇಂದಿನವರೆಗೆ ಆಕ್ಷೇಪಿಸಿಲ್ಲ. ನಿಜ ನುಡಿದ ಡಾಕ್ಟರಮ್ಮನಿಗೆ, ಸಾಲಿನಲ್ಲಿ ನಗಿಸಿದ ಎಮ್ಮೆಯವರಿಗೆ, ಗದರಿದ ನನ್ನಾಕೆಗೆ ಶುಭವಾಗಲಿ. ಅವರನ್ನು ನಂಬಿದ ಮೂಕಜೀವಗಳಿಗೆಲ್ಲ ತುತ್ತು ಹೊತ್ತಿಗೆ ಸರಿಯಾಗಿ ಸಿಗಲಿ.